ಅಕ್ಕನ ಮುಷ್ಟಿ ಬಿಚ್ಚಿದ ಮಧ್ಯಾಹ್ನ

ನಮ್ಮ ಮನೆಯಲ್ಲಿ ಈ ಕತೆಯನ್ನು ಹೇಳುವ ರೀತಿ ಒಂದೇ. ಅವ್ವ ತೀರಿಕೊಂಡ ದುಃಖಕ್ಕೆ ಅಕ್ಕನ ಬಲಗೈ ಮುಷ್ಟಿ ಕಟ್ಟಿತು. ಸೊಲ್ಲಾಪುರದ ಡಾಕ್ಟರರೆಲ್ಲ ಸೋತರು. ಅಕ್ಕಲಕೋಟೆಯ ಕಡೆಯ ಮುದುಕಿಯೊಬ್ಬಳು ಎಣ್ಣೆ ಹಚ್ಚಿ ಆ ಕೈಯನ್ನು ನೀವಿದಳು. ಮೂರನೆಯ ದಿನ ಮುಷ್ಟಿ ಬಿಚ್ಚಿತು, ಒಳಗೆ ಒಂದು ಚಿಟಿಕೆ ಭಸ್ಮವಿತ್ತು. ಭಸ್ಮದ ಮಾತಿಗೆ ಬಂದಾಗ ಹೇಳುವವರ ದನಿ ತಗ್ಗುತ್ತದೆ, ಕೇಳುವವರು ಗಲ್ಲ ಬಡಿದುಕೊಳ್ಳುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ಡಾಕ್ಟರರು 'ಎಲ್ಲ' ಅಲ್ಲ, ಇಬ್ಬರು. ಮುದುಕಿ ಆ ಕೈಯನ್ನು ಒಮ್ಮೆಯೂ ಮುಟ್ಟಲಿಲ್ಲ. ಇನ್ನು ಭಸ್ಮ: ಅಂಗೈಯಲ್ಲಿ ಇದ್ದದ್ದು ನೀರಲ್ಲಿ ನೆನೆದಂಥ ಬಿಳಿಚಿದ ಚರ್ಮ ಮತ್ತು ನಾಲ್ಕು ಉಗುರಿನ ಗುರುತು, ಅಷ್ಟೇ. ನಾನು ಅಲ್ಲಿದ್ದೆ. ಅಕ್ಕನ ಬೆನ್ನಿಗೆ ಬೆನ್ನು ಹಚ್ಚಿ ಕುಳಿತಿದ್ದೆ. ಹಾಗೆ ಕುಳಿತಿದ್ದರಿಂದ ಮುಷ್ಟಿ ಬಿಚ್ಚುವುದನ್ನು ಕಾಣದೆ ಹೋದವಳು ಅಲ್ಲಿ ನಾನೊಬ್ಬಳೇ ಎಂಬುದೂ ಖರೆ. ಎದುರು ಪಕ್ಷದವರು ಬೇಕಾದರೆ ಇದನ್ನು ಹಿಡಿದು ಎಳೆದಾಡಲಿ. ಉಳಿದವರೆಲ್ಲ ಕೈ ನೋಡುತ್ತಿದ್ದರು, ನಡೆದದ್ದು ಬೆನ್ನಿನಲ್ಲಿ.

ಈ ಕತೆಯೊಳಗೆ ಎಲ್ಲರೂ ಗಡಿಬಿಡಿಯಿಂದ ದಾಟಿಬಿಡುವ ಒಂದು ಸಣ್ಣ ವಾಕ್ಯವಿದೆ. "ತಂಗೀಗೆ ಚೀಟಿ ತಡಾ ಮುಟ್ಟಿತು, ಪಾಪ." ಆ ವಾಕ್ಯ ನಾನು ಹುಟ್ಟಿಸಿದ್ದು. ಅದು ಸುಳ್ಳು. ಆ ಮಧ್ಯಾಹ್ನ ಅಕ್ಕನಿಗೆ ಅದು ತಿಳಿಯಿತೋ ಇಲ್ಲವೋ ಎಂಬುದು ನಾಲ್ಕು ವರ್ಷವಾದರೂ ನನಗೆ ತಿಳಿದಿಲ್ಲ.

ನಮ್ಮದು ಸೊಲ್ಲಾಪುರದ ಪೇಠೆಯಲ್ಲಿ ಚಾದರುಗಳ ಸಗಟು ವ್ಯಾಪಾರ ಮಾಡುವ ಮನೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಕೆಳಗೆ ಮರಾಠಿ, ಮೇಲೆ ಕನ್ನಡ. ನಾನು ಕಾಲೇಜಿನ ವಾದವಿವಾದ ತಂಡದಲ್ಲಿದ್ದೆ, ತಂಡದ ಒಬ್ಬಳೇ ಹುಡುಗಿ. ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ಮಾತಿನ ಹುಳುಕು ಹುಡುಕುವುದು ಅಲ್ಲಿ ಕಲಿತ ವಿದ್ಯೆ. ಮನೆಯಲ್ಲೂ ಅದನ್ನೇ ಮಾಡುತ್ತಿದ್ದೆ. ಸೋಮವಾರದ ಉಪವಾಸವನ್ನು ಅವ್ವನ ಎದುರಿಗೇ ತುಂಡು ತುಂಡು ಮಾಡಿ ಹಾಕುತ್ತಿದ್ದೆ. ಅವ್ವ, "ಮುಗೀತಾ? ಈಗ ನೀರ ಕೊಡು," ಅನ್ನುವಳು.

ಅಕ್ಕ ಹಾಗಲ್ಲ. ಅವಳು ಕೇಳಿಸಿಕೊಳ್ಳುವವಳು. ಅವಳನ್ನು ಅಕ್ಕಲಕೋಟೆಯ ಆಚೆ ಒಂದು ಹಳ್ಳಿಯ ಹೊಲಮನೆ ಚೆನ್ನಾಗಿದ್ದವರಿಗೆ ಕೊಟ್ಟಿತ್ತು. ಅವಳ ಸಾಲಿ ಮರಾಠಿಯಲ್ಲಾಯಿತು. ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನನಗೆ ಮಾತ್ರ ಅಪ್ಪ ಹಠ ಹಿಡಿದು ಕಲಿಸಿದರು. ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಬಂದದ್ದು ಅಕ್ಕ ಓದಲಾರಳು ಎಂಬ ಕಾರಣಕ್ಕೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವ್ವನಿಗೆ ದಮ್ಮು. ಆ ವರ್ಷ ಮೂರು ಸಲ 'ಸೀರಿಯಸ್' ಆಗಿದ್ದಳು, ಮೂರು ಸಲವೂ ಎದ್ದು ಕೂತು ಚಹಾ ಕೇಳಿದ್ದಳು. ನೋಡಿಕೊಳ್ಳಲು ಅಕ್ಕ ಬಂದಿದ್ದಳು. ನಾಲ್ಕನೆಯ ಸಲ ಆದಾಗ ನಾನು ಕಾಲೇಜಿನ ಸಭಾಗೃಹದಲ್ಲಿದ್ದೆ. 'ಹಳ್ಳಿಗಿಂತ ನಗರದ ಜೀವನವೇ ಲೇಸು' ಎಂಬ ವಿಷಯ. ನಗರದ ಪರ ನಾನು. ನಮ್ಮ ಅಂಗಡಿಯ ಲೆಕ್ಕ ಬರೆಯುವ ದಿವಾಣಜಿ, ಅಪ್ಪನಿಗಿಂತ ಹಿರಿಯರು, ಪಕ್ಕದ ಬಾಗಿಲಿನಿಂದ ಬಗ್ಗಿ ಬಂದು ನನ್ನ ಕೈಗೆ ಚೀಟಿ ಕೊಟ್ಟರು. ಅಪ್ಪನ ಅಕ್ಷರ. 'ತಾಬಡತೋಬ ಬಾ.' ಇದ್ದ ಹಾಗೆ ತಕ್ಷಣ ಬಾ ಎಂದು.

"ಟಾಂಗಾ ನಿಂದರಿಸೀನಿ ತಾಯಿ, ನಡೀರಿ," ಅಂದರು.

"ನೀವು ಹೋಗ್ರಿ ಕಾಕಾ. ನಾ ಹಿಂದಿಂದ ಬಂದೆ."

"ಮಾಲಕರು ಕರಕೊಂಡ ಬಾ ಅಂದಾರ..."

"ಬಂದೆ ಅಂದ್ನೆಲ್ರಿ!"

ಆಗ ಎರಡು ಗಂಟೆ. ಎದುರಿನವರಿಗೆ ಮಾರುತ್ತರ ಕೊಡುವ ನನ್ನ ಉತ್ತರ ಪಕ್ಷದ ಸರದಿ ಮೂರೂವರೆಗೆ. ನಾನು ಉಳಿದೆ. ದಿವಾಣಜಿ ನನ್ನನ್ನು ಬಿಟ್ಟು ಹೋಗದೆ ಗೇಟಿನ ಹೊರಗೆ ಟಾಂಗಾದಲ್ಲೇ ಕಾದರು. ಚೆನ್ನಾಗಿ ಮಾತಾಡಿದೆ, ಎರಡನೆಯ ಬಹುಮಾನ ಬಂತು. ಗಿರಣಿಯ ನಾಲ್ಕರ ಭೋಂಗಾ ಕೂಗಿದ್ದನ್ನು ಚಪ್ಪಾಳೆಯ ನಡುವೆ ಕೇಳಿದೆ. ಮನೆ ಮುಟ್ಟಿದಾಗ ಐದು ದಾಟಿತ್ತು. ಅವ್ವ ಹೋಗಿ ಒಂದು ತಾಸಿನ ಮೇಲಾಗಿತ್ತು. ಅಕ್ಕ ಅವಳ ಕೈ ಹಿಡಿದುಕೊಂಡೇ ಇದ್ದಳು, "ಬಂದ್ಳವ್ವಾ, ಹಾದ್ಯಾಗ ಅದಾಳ, ಬಂದೇಬಿಟ್ಳ," ಎನ್ನುತ್ತಲೇ ಇದ್ದಳು. ಕೊನೆಯವರೆಗೂ ಅವ್ವ ಕೇಳಿದ್ದು "ಸಣ್ಣಾಕಿ ಬಂದಳೇನ?" ಎಂದೇ ಅಂತೆ. ನೆರೆಯ ಹೆಂಗಸರು ಅಕ್ಕನ ಬೆರಳನ್ನು ಒಂದೊಂದಾಗಿ ಬಿಡಿಸಿ ಎರಡು ಕೈಗಳನ್ನು ಬೇರೆ ಮಾಡಿದರು. ಬೇರೆಯಾದ ಕೂಡಲೇ ಅಕ್ಕನ ಕೈ ತನ್ನಷ್ಟಕ್ಕೆ ತಾನು ಮುಚ್ಚಿಕೊಂಡಿತು.

"ಯಾಕ ಇಷ್ಟ ತಡಾ?" ಎಂದು ಅಪ್ಪ ಕೇಳಿದರು. "ಚೀಟಿ ಈಗರ ಸಿಕ್ಕಿತು. ಕಾಕಾಗ ಗೇಟಿನವ ಒಳಗ ಬಿಟ್ಟಿದ್ದಿಲ್ಲ," ಅಂದೆ. ಯೋಚಿಸಿ ಹೇಳಿದ್ದಲ್ಲ. ಉತ್ತರ ಪಕ್ಷ ನಾಲಿಗೆಯ ಮೇಲೇ ಇತ್ತು, ಬಂತು. ಅಪ್ಪ ತಿರುಗಿ ದಿವಾಣಜಿಯ ಮೇಲೆ ಹಾಯ್ದರು. "ಬಿಡಲಿಲ್ಲಂದ್ರ ಒದರಬೇಕಿತ್ತಿಲ್ಲೊ? ಬಾಯಿಲ್ಲೇನ ನಿನಗ?" ದಿವಾಣಜಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ನನ್ನನ್ನೊಮ್ಮೆ ನೋಡಿದರು. "ತಪ್ಪಾತ್ರಿ ಮಾಲಕರ," ಅಂದರು. ಆ ದೀಪಾವಳಿಗೆ ಕೆಲಸ ಬಿಟ್ಟು ಮಂದ್ರೂಪದ ಕಡೆ ತಮ್ಮ ಊರಿಗೆ ಹೋದರು.

ಅಕ್ಕನ ಮುಷ್ಟಿ ಮೂರು ತಿಂಗಳು ಹಾಗೇ ಇತ್ತು. ನರಕ್ಕೆ ಏನೂ ಆಗಿಲ್ಲ, ಎಲುಬಿಗೂ ಆಗಿಲ್ಲ ಎಂದು ಡಾಕ್ಟರರು ಹೇಳಿದರು. ಅದು ನಿಜವೇ ಆಗಿತ್ತು. ಎಡಗೈಯಲ್ಲಿ ಉಣ್ಣಬೇಕಾಯಿತು. ರೊಟ್ಟಿ ಬಡಿಯಲಾಗದ ಸೊಸೆ ಹಳ್ಳಿಯ ಮನೆಯಲ್ಲಿ ಎಷ್ಟು ದಿನ ನಡೆಯುತ್ತಾಳೆ? ಗಂಡನ ಮನೆಯಿಂದ ಕರೆಯುವ ಮಾತು ಬರಲಿಲ್ಲ. ಅಪ್ಪ ಆ ಮಾತನ್ನು ಎತ್ತಲು ಹೆದರುತ್ತಿದ್ದರು.

ಆದರೆ ನನ್ನನ್ನು ಕಾಡಿದ್ದು ಬೇರೆ. ಹೊಸ್ತಿಲು ದಾಟುವಾಗ ಅಕ್ಕ ನಿಲ್ಲುತ್ತಿದ್ದಳು. ಮುಚ್ಚಿದ ಕೈಯನ್ನು ತುಸು ಹಿಂದಕ್ಕೆ ಚಾಚಿ, ಯಾರೋ ನಿಧಾನ ಕಾಲಿನವರು ಹಿಂದೆ ದಾಟಿ ಬರಲಿ ಎಂಬಂತೆ ಒಂದು ಗಳಿಗೆ ಕಾದು, ಆಮೇಲೆ ಮುಂದೆ ಹೋಗುತ್ತಿದ್ದಳು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಕೈ ಬಿಗಿದುದರಿಂದ ಮೈಯ ತೋಲ ತಪ್ಪಿದೆ, ಅದಕ್ಕೇ ನಿಲ್ಲುತ್ತಾಳೆ ಎಂದು ನಾನು ಸಿದ್ಧಾಂತ ಮಾಡಿದೆ. ಒಂದು ದಿನ ನಾನೂ ಅವಳ ಹಿಂದೆಯೇ ಹೊರಟವಳು, ಅವಳು ನಿಂತಾಗ ಗೋಡೆಗೆ ಸರಿದು ಜಾಗ ಬಿಟ್ಟೆ. ಯಾರಿಗೆ ಬಿಟ್ಟೆನೆಂದು ಆಮೇಲೆ ಕೇಳಿಕೊಂಡೆ.

ಕೊನೆಗೆ ಕರೆ ಕಳಿಸಿದ್ದು ಅಕ್ಕನ ಅತ್ತೆಯೇ. ಒರಟು ಬಾಯಿಯ, ಒಳ್ಳೆಯ ಹೆಂಗಸು. ಊರಿನಲ್ಲಿ ಮೈ ನೀವುವ ಆಯಿ ಇದ್ದಾಳೆ, ಸೊಸೆಯನ್ನು ಕರೆತನ್ನಿ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಯಾರಾದರೂ ಜೊತೆಗೆ ಬರಲೇಬೇಕು ಎಂದು ಹೇಳಿ ಕಳಿಸಿದ್ದಳು. ಒಂದೇ ಹೊಟ್ಟೆಯವಳು ನಾನೊಬ್ಬಳೇ. ಆಯಿಯ ಬಣ್ಣ ಬಯಲು ಮಾಡುವ ಹುರುಪಿನಲ್ಲಿ ಹೊರಟೆ. ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಅಕ್ಕ ಅದೇ ರೀತಿ ನಿಂತಳು, ಕೈ ಹಿಂದಕ್ಕೆ ಚಾಚಿ. ನಾನಾಗಲೇ ಒಳಗೆ ಕುಳಿತಿದ್ದೆ. ಕಂಡಕ್ಟರ್ ಹೊರಗೆ ಇಣುಕಿ ನೋಡಿ ಮರಾಠಿಯಲ್ಲಿ ಕೇಳಿದ, "ಅಜೂನ ಕೋಣ ಆಹೆ ಬಾಯಿ?" ಇನ್ನೂ ಯಾರಿದ್ದಾರೆ ಎಂದು. ಅಕ್ಕ ಒಳಗೆ ಬಂದು ನನ್ನ ಬದಿಗೆ ಕುಳಿತಳು.

ಆಯಿ ಸಣ್ಣ ಮೈಯ, ದೊಡ್ಡ ಅಂಗೈಯ ಮುದುಕಿ. ಬಾಯಲ್ಲಿ ಸದಾ ತಂಬಾಕು. ಪೂಜೆ ಇಲ್ಲ, ಮಂತ್ರ ಇಲ್ಲ, ನಿಂಬೆಹಣ್ಣಿಲ್ಲ. ನನ್ನ ಅರ್ಧ ವಾದ ಅಲ್ಲೇ ಕೆಲಸಕ್ಕೆ ಬಾರದೆ ಹೋಯಿತು. ಹೆಂಗಸರ ಕೆಲಸ ತೀರಿ ದನ ಮನೆಗೆ ಬರುವ ಮೊದಲಿನ ಹೊತ್ತಿನಲ್ಲಿ ಓಣಿಯ ಏಳೆಂಟು ಹೆಂಗಸರು ಬಂದರು. ಪ್ರತಿಯೊಬ್ಬಳೂ ತನ್ನ ಮನೆಯ ಕುಸುಬಿ ಎಣ್ಣೆಯನ್ನು ವಾಟಗದಲ್ಲಿ, ಸಣ್ಣ ಬಟ್ಟಲಲ್ಲಿ, ತಂದು ಒಂದೇ ಬೋಗುಣಿಗೆ ಸುರುವಿದಳು. ಒಬ್ಬರ ಮನೆಯ ಎಣ್ಣೆಯಿಂದ ನೀವುವ ಪದ್ಧತಿ ಇಲ್ಲವಂತೆ. ಅತ್ತೆಯ ಮನೆಯ ಪಡಸಾಲೆಯ ಬಾಗಿಲು ಹಾಕಿ ಕೌದಿ ಹಾಸಿದರು. ಅಕ್ಕನೂ ನಾನೂ ಕುಪ್ಪಸ ಬಿಚ್ಚಿ, ಸೆರಗನ್ನು ಎದೆಗೆ ಸುತ್ತಿಕೊಂಡು, ಬೆನ್ನಿಗೆ ಬೆನ್ನು ಹಚ್ಚಿ ಕೂಡಬೇಕಾಯಿತು. ನಾನು ಸುಮ್ಮನಿರಬೇಕು, ಅಕ್ಕನ ಉಸಿರಿನೊಡನೆ ಉಸಿರಾಡಬೇಕು. ಅಷ್ಟೇ ನನ್ನ ಕೆಲಸ.

"ಆಯಿ, ಇದರಿಂದ ಗುಣ ಆಗತೈತಿ ಅನ್ನಾಕ ಏನ ಪುರಾವಾ ಐತ್ರಿ?" ಎಂದು ಕೇಳಿದೆ.

"ಪುರಾವಾ ಕಚೇರ್ಯಾಗ ಸಿಗತೈತಿ. ಇಲ್ಲಿ ಎಣ್ಣಿ ಐತಿ."

ಹೆಂಗಸರು ನಕ್ಕರು. ನಾನು ಬಿಡಲಿಲ್ಲ. "ನಿಮ್ಮ ಕೈಲೆ ಗುಣ ಆಗದವರು ಯಾರೂ ಇಲ್ಲೇನ್ರಿ ಹಂಗಾರ?"

"ಅದಾರಲ್ಲ. ಹಿಂದಿನ ಓಣ್ಯಾಗ ಒಬ್ಬಾಕಿ ಕುತಗಿ ಇನ್ನೂ ಸೊಟ್ಟ ಐತಿ. ಬೆನ್ನಿಗೆ ಕುಂಡ್ರಾಕ ತವರಮನ್ಯಾಗಿಂದ ಯಾರೂ ಬರಲಿಲ್ಲ. ನೀ ಬಂದೀದಿ. ಈಗ ಬಾಯಿ ಮುಚ್ಚು."

ಸೋಲನ್ನು ಮುಚ್ಚಿಡದ ಎದುರಾಳಿಯನ್ನು ಹೇಗೆ ಎದುರಿಸಬೇಕೆಂದು ನಮಗೆ ಕಲಿಸಿರಲಿಲ್ಲ.

ಮೊದಲ ದಿನ ಪಾದ, ಮೀನಖಂಡ. ಒಬ್ಬೊಬ್ಬರದು ಒಂದೊಂದು ಕಡೆ ಕೈ. ಆಯಿ ಸುತ್ತು ಹಾಕುತ್ತ, "ಅಲ್ಲಿ ಅವಸರ ಮಾಡಬ್ಯಾಡ," "ಹಿಮ್ಮಡಿ ಬಿಡಬ್ಯಾಡ, ಹಿಡಕೊಂಡ ಕೂಡು," ಎಂದು ಹೇಳುತ್ತಿದ್ದಳು. ಮುಷ್ಟಿ ಕಟ್ಟಿದ ಕೈಯ ಹತ್ತಿರ ಯಾರೂ ಸುಳಿಯಲಿಲ್ಲ. ಅದು ಕೌದಿಯ ಮೇಲೆ ಒಂಟಿಯಾಗಿ ಬಿದ್ದಿತ್ತು. ಕೈಯನ್ನೇ ಬಿಟ್ಟರೆ ಕೈ ಹೇಗೆ ಬಿಚ್ಚೀತು ಎಂದು ಕೇಳಿದ್ದಕ್ಕೆ, "ನಾಯಿ ಕಚ್ಚಿ ಹಿಡದಾಗ ಅದರ ಬಾಯಾಗ ಕೈ ಹಾಕ್ತೀಯೇನ ಬೇ?" ಅಂದಳು. ಮಾತೆಲ್ಲ ಓಣಿಯದೇ. ಯಾರದೋ ಎಮ್ಮೆ ಗಬ್ಬ ನಿಂತಿಲ್ಲ, ಯಾರದೋ ಸೊಸೆ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು. ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವಳು, "ಏನವ್ವಾ, ಈ ಕಾಲೇಜಿನಾಕಿ ಬೆನ್ನ ಹಲಗಿ ಹಲಗಿ!" ಎಂದರೆ ಇನ್ನೊಬ್ಬಳು, "ಆಡಿದ ಮಾತೆಲ್ಲ ಅಲ್ಲೇ ಕುಂತಿರಬೇಕ," ಎಂದಳು. ಅಕ್ಕ ನಕ್ಕಳು. ಮೂರು ತಿಂಗಳಲ್ಲಿ ಮೊದಲ ಸಲ. ನಗು ನನ್ನ ಕಿವಿಗಿಂತ ಮೊದಲು ಬೆನ್ನಿಗೆ ತಿಳಿಯಿತು.

ಎರಡನೆಯ ದಿನ ಸೊಂಟದಿಂದ ಹೆಗಲಿನವರೆಗೆ. ಆ ಹೊತ್ತಿಗೆ ನಮ್ಮ ಉಸಿರು ಕೂಡಿತ್ತು. ನಾನು ಪರೀಕ್ಷೆ ಮಾಡಿದೆ. ಬೇಕೆಂದೇ ಉಸಿರನ್ನು ಸ್ವಲ್ಪ ಉದ್ದ ಮಾಡಿದೆ, ಅಕ್ಕನದೂ ಉದ್ದವಾಯಿತು. ತುಸು ತಡೆದೆ, ಅವಳೂ ತಡೆದಳು. ಒಂದೇ ಹಾಸಿಗೆಯಲ್ಲಿ ಬೆಳೆದವರು, ಇದರಲ್ಲಿ ಬೆರಗೇನು ಎಂದುಕೊಂಡೆ. ಆದರೆ ಒಳಗೊಳಗೆ ಹೆದರಿಕೆ ಹೊಕ್ಕಿತು. ಉಸಿರು ಹೀಗೆ ಹಾಯುವುದಾದರೆ ಬೇರೆ ಏನೇನು ಹಾಯುತ್ತದೆ?

ಆಗಲೇ ಮೂರನೆಯ ಉಸಿರು ಕೇಳಿಸಿದ್ದು. ನಮ್ಮಿಬ್ಬರ ನಡುವೆ, ನಿಧಾನವಾಗಿ, ಕೊನೆಯಲ್ಲಿ ಸಣ್ಣ ಸಿಳ್ಳೆಯೊಂದಿಗೆ. ದಮ್ಮಿನ ಉಸಿರು. ಆಯಿಯದು ತಂಬಾಕಿನ ಎದೆ, ಅವಳದೇ ಇರಬೇಕೆಂದು ನೆಮ್ಮದಿ ಮಾಡಿಕೊಂಡೆ. ಅಷ್ಟರಲ್ಲಿ ಆಯಿ ಅಡುಗೆಮನೆಯಿಂದ ಬೋಗುಣಿ ಹಿಡಿದು ಬಂದಳು. ಎಣ್ಣೆ ಬಿಸಿ ಮಾಡಲು ಎದ್ದು ಹೋದವಳು ಆಗ ಬಂದದ್ದು. ಆ ಕೋಣೆಯಲ್ಲಿ ಹೆಂಗಸರು ಎಂಟು ಜನ ಇದ್ದರು, ಯಾರಿಗಾದರೂ ನೆಗಡಿ ಇದ್ದಿರಬಹುದು. ಈ ಸಮಾಧಾನ ನನಗೆ ಇವತ್ತಿಗೂ ಸಾಲುತ್ತಿಲ್ಲ.

ಮೂರನೆಯ ದಿನ ಬಿಸಿಲು ಜಾಸ್ತಿ ಇತ್ತು. ಬಾಗಿಲು ಹಾಕಿದ ಪಡಸಾಲೆಯಲ್ಲಿ ಎಣ್ಣೆಯ ವಾಸನೆ, ಬೆವರಿನ ವಾಸನೆ. ಆಯಿ ಅಕ್ಕನ ಬಲಮೊಳಕೈಯ ಹತ್ತಿರ ಬಂದು ಕುಳಿತಳು. ಇಲ್ಲಿಯವರೆಗೆ ಅವಳು ಅಕ್ಕನನ್ನು ಏನೂ ಕೇಳಿರಲಿಲ್ಲ. ಎಣ್ಣೆ ಇತ್ತ ಸರಿಸು ಎಂದು ಹೇಳುವಂಥ ದನಿಯಲ್ಲೇ ಕೇಳಿದಳು.

"ಆವತ್ತ ಯಾರ ಹಾದಿ ನೋಡಾಕತ್ತಿದ್ರಿ ನೀವು ತಾಯಿ ಮಗಳು?"

"ತಂಗೀದು," ಅಂದಳು ಅಕ್ಕ.

"ಯಾಕ ಬರಲಿಲ್ಲಾಕಿ?"

"ಬಂದಳು. ತಡಾ ಆತು. ಚೀಟಿ ತಡಾ ಮುಟ್ಟಿತಾಕಿಗೆ."

ನನ್ನ ಉಸಿರು ನಿಂತಿತು. ನಿಲ್ಲಿಸಿದ್ದಲ್ಲ, ನಿಂತಿತು. ಬೆನ್ನು ಕಲ್ಲಾಯಿತು. ಸಭೆಗಳಲ್ಲಿ ಮುಖವನ್ನು ಹದ್ದುಬಸ್ತಿನಲ್ಲಿ ಇಡುವುದನ್ನು ಕಲಿತಿದ್ದೆ, ದನಿಯನ್ನೂ ಕಲಿತಿದ್ದೆ. ಬೆನ್ನಿಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ. ಅಕ್ಕನ ಬೆನ್ನು ಒಂದು ಸಲ ಏರಿತು, ಇಳಿಯಿತು. ಮತ್ತೊಂದು ಸಲ ಏರಿತು. ಅಲ್ಲೇ ನಿಂತಿತು. ಅವಳು ನನಗಾಗಿ ಕಾಯುತ್ತಿದ್ದಳು. ಬದಿಯಲ್ಲಿ ಯಾರೋ ಹಾಗಲಕಾಯಿಯ ಕಹಿ ತೆಗೆಯುವ ಬಗೆ ಹೇಳುತ್ತಿದ್ದರು. ಹೇಳುತ್ತಲೇ ಇದ್ದರು.

"ಉಸುರ ಬಿಡವ್ವಾ," ಎಂದಳು ಆಯಿ. ಅಕ್ಕನಿಗೆ ಎಂದುಕೊಂಡೆ. "ನಿನಗ ಹೇಳಾಕತ್ತೀನಿ, ಕಾಲೇಜಿನಾಕಿ. ನೀ ಹಿಡಕೊಂಡ ಕುಂತರ ಆಕಿ ಹ್ಯಾಂಗ ಬಿಡಬೇಕ?"

ನನಗೆ ಆಗಲಿಲ್ಲ. ಬಿಟ್ಟರೆ ಉಸಿರಿನ ಹಿಂದೆಯೇ ಮಾತೂ ಬಂದೀತೆಂಬ ಹೆದರಿಕೆ. ಆಗ ಅಕ್ಕ ಹಿಂದಕ್ಕೆ ವಾಲಿದಳು. ಕೊಂಚವಲ್ಲ, ಇಡೀ ಮೈಭಾರವನ್ನು ನನ್ನ ಮೇಲೆ ಹಾಕಿದಳು, ತಲೆಯನ್ನು ನನ್ನ ಹೆಗಲಿಗೆ ಚೆಲ್ಲಿದಳು. ನಾನು ಸರಿದಿದ್ದರೆ ಬೀಳುತ್ತಿದ್ದಳು. ಎರಡೂ ಕೈ ನೆಲಕ್ಕೆ ಊರಿ ಅವಳನ್ನು ತಡೆದೆ. ಎದೆಯೊಳಗಿಂದ ಉಸಿರು ಒಂದು ಕೆಟ್ಟ ಸದ್ದಿನೊಡನೆ ಹೊರಗೆ ಬಂತು, ಕುರಿ ಕೆಮ್ಮಿದ ಹಾಗೆ. ಹಾಗಲಕಾಯಿಯ ಮಾತು ತಟ್ಟನೆ ನಿಂತಿತು.

ಹೀಗೆ ನನಗೆ ಗೊತ್ತಾಯಿತು, ಮುಷ್ಟಿ ಬಿಚ್ಚಿತೆಂದು. ಅತ್ತೆ ಜೋರಾಗಿ ಅತ್ತಳು. ಯಾರೋ ಶಿವಶಿವಾ ಎಂದರು. ಆಯಿ ಮಾತ್ರ, "ಗದ್ದಲ ಹಾಕಬ್ಯಾಡ್ರೆ, ಅದು ಈಗರ ಬಿಚ್ಚೈತಿ," ಎಂದು ಬೈದಳು. ನಾನು ತಿರುಗಿ ನೋಡಿದಾಗ ಅಕ್ಕ ಬಿಳಿಚಿದ ಅಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

ಹೊರಡುವಾಗ ಆಯಿಯ ಕಾಲು ಮುಟ್ಟಿದೆ. ನಾನು ಯಾರ ಕಾಲನ್ನೂ ಮುಟ್ಟುವವಳಲ್ಲ. "ಆಕಿಗೆ ಏನರೆ ತಿಳೀತೇನ್ರಿ ಆಯಿ?" ಎಂದು ಮೆಲ್ಲಗೆ ಕೇಳಿದೆ. ಆಯಿ ಜಗುಲಿಯಿಂದ ಹೊರಗೆ ತಂಬಾಕು ಉಗುಳಿ, "ನಾ ಮುಂದ ಕುಂತಿದ್ದೆ, ಬೆನ್ನಿನ ಮಾತು ನನಗೇನ ಗೊತ್ತು?" ಎಂದಳು. ಮುಂದಿನ ಚಳಿಗಾಲದಲ್ಲಿ ಅವಳೂ ತೀರಿಕೊಂಡಳು.

ಅಕ್ಕ ಗಂಡನ ಮನೆಯಲ್ಲೇ ಉಳಿದಳು. ಎರಡು ವಾರಕ್ಕೆ ರೊಟ್ಟಿ ಬಡಿದಳಂತೆ. ಬಿಸಿ ಎಣ್ಣೆಗೆ ಸ್ನಾಯು ಸಡಿಲವಾಗುತ್ತದೆ, ಬಿಗಿದ ಸ್ನಾಯು ದಣಿದು ತಾನೇ ಬಿಡುತ್ತದೆ, ಎಂಟು ಜನರ ನಡುವೆ ಕುಳಿತ ಮನಸ್ಸಿಗೆ ಧೈರ್ಯ ಬರುತ್ತದೆ. ಇದನ್ನೆಲ್ಲ ನಾನು ಯಾವ ಸಭೆಯಲ್ಲಿ ಬೇಕಾದರೂ ನಿಂತು ಸಾಧಿಸಿ ತೋರಿಸಬಲ್ಲೆ, ಈಗಲೂ ನಂಬುತ್ತೇನೆ. ಆದರೆ ನನ್ನ ಪಾಲಿನದು ಇದರಲ್ಲಿ ಎಲ್ಲೂ ಕೂಡುವುದಿಲ್ಲ. ಆಮೇಲೆ ಯಾವ ಕುರ್ಚಿಗೂ ಪೂರ್ತಿ ಒರಗಿ ಕೂಡಲಾರೆ. ಒರಗಿದರೆ ಹಿಂದಿನಿಂದ ಭಾರ ಬರುತ್ತದೆ. ವೇದಿಕೆಯ ಮೇಲೆ, ಉತ್ತರ ಪಕ್ಷದ ನಡುವೆ, ಒಂದೊಂದು ಸಲ ಉಸಿರು ನಿಂತುಹೋಗುತ್ತದೆ. ಹಿಂದೆ ಯಾರೋ ಏರಿದ ಉಸಿರನ್ನು ತಡೆದು ನನಗಾಗಿ ಕಾಯುತ್ತಿದ್ದಾರೆ ಅನಿಸುತ್ತದೆ. ಸಭೆ ಅದನ್ನು ಮಾತಿನ ಬಿರುಸೆಂದು ತಿಳಿದು ಚಪ್ಪಾಳೆ ತಟ್ಟುತ್ತದೆ.

ಅಕ್ಕ ಒಮ್ಮೆಯೂ ಏನೂ ಕೇಳಲಿಲ್ಲ. ಹಬ್ಬಕ್ಕೆ ಬರುತ್ತಾಳೆ, ಶೇಂಗಾ ಹಿಂಡಿ ಚಟ್ನಿ ಕಟ್ಟಿಕೊಂಡು ತರುತ್ತಾಳೆ, ನನ್ನ ಮದುವೆಯ ಮಾತೆತ್ತಿ ಕಾಡುತ್ತಾಳೆ. ಬದಲಾದದ್ದು ಒಂದೇ. ಯಾರಾದರೂ ಆ ಕತೆ ಹೇಳುತ್ತ "ಚೀಟಿ ತಡಾ ಮುಟ್ಟಿತು, ಪಾಪ" ಎಂಬಲ್ಲಿಗೆ ಬಂದರೆ ಅಕ್ಕ ಎದ್ದು ಒಳಗೆ ಹೋಗುತ್ತಾಳೆ. ಆ ಮಧ್ಯಾಹ್ನಕ್ಕೆ ಮೊದಲು, ಅವ್ವನ ಸಾವಿನ ಮಾತಿನಲ್ಲಿ ಅದು ಬಂದಾಗ, ಹೋಗುತ್ತಿರಲಿಲ್ಲ. ಇದನ್ನು ಎರಡು ಬಗೆಯಲ್ಲಿ ಅರ್ಥ ಮಾಡಬಹುದು, ಎರಡರ ಪರವಾಗಿಯೂ ನಾನು ವಾದಿಸಬಲ್ಲೆ. ವಾದಿಸಿದ್ದೇನೆ, ನನ್ನೊಳಗೇ, ಎಷ್ಟೋ ಸಲ.

ಕಳೆದ ತಿಂಗಳು ಅವಳ ಹಳ್ಳಿಗೆ ಹೋಗಿದ್ದೆ. ಮುಂಜಾನೆ ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಹೊಲಕ್ಕೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ಬಲಗೈ ಚೆನ್ನಾಗಿ ತೆರೆದಿತ್ತು, ಹಿಟ್ಟಿನ ಮೇಲೆ ಒಂದೇ ತಾಳದಲ್ಲಿ ಬೀಳುತ್ತಿತ್ತು. ಮಂದ್ರೂಪಕ್ಕೆ ಹೋಗಿ ದಿವಾಣಜಿಯನ್ನು ಕಾಣಬೇಕೆಂದು ಹೇಳಲು ಬಾಯಿ ತೆರೆದೆ, ಅದು ಬರಲಿಲ್ಲ. ಬಂದದ್ದು ಬೇರೆ.

"ಅಕ್ಕಾ," ಎಂದೆ. "ಆವತ್ತ ನನಗ ಚೀಟಿ ಯಾವಾಗ ಮುಟ್ಟಿತ್ತು ಅನ್ನೂದು ನಿನಗ ತಿಳೀತೇನ?"